ಜೇಡದ ಹೆಸರು ಕೇಳುವ ಮೊದಲು

ಮಳೆಗಾಲ ಮುಗಿಯುತ್ತ ಬಂದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೇಡಗಳ ಫೋಟೊ ಓಡಾಡತೊಡಗುತ್ತವೆ. ಮೇಲಿನಿಂದ ತೆಗೆದ ಒಂದೇ ಚಿತ್ರ, ಅದೂ ಅರ್ಧ ಮಸುಕು, ಜೊತೆಗೊಂದು ಪ್ರಶ್ನೆ: ‘ಇದ್ಯಾವ ಜೇಡ? ವಿಷದ್ದಾ?’ ಎಲ್ಲಿ ಸಿಕ್ಕಿತು, ಯಾವತ್ತು, ಬಲೆಯಲ್ಲಿತ್ತೋ ಗೋಡೆಯ ಮೇಲಿತ್ತೋ, ಉಗುರಿನಷ್ಟಿತ್ತೋ ಅಂಗೈಯಷ್ಟಿತ್ತೋ ಎಂಬುದೊಂದೂ ಇರುವುದಿಲ್ಲ. ಆದರೂ ಯಾರಾದರೊಬ್ಬರು ಒಂದು ಲ್ಯಾಟಿನ್ ಹೆಸರು ಹೇಳಿಬಿಡುತ್ತಾರೆ, ಕೇಳಿದವರಿಗೂ ಸಮಾಧಾನವಾಗುತ್ತದೆ. ಆ ಹೆಸರು ಸರಿಯೋ ತಪ್ಪೋ ನೋಡೋಣವೆಂದರೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಜೇಡಗಳ ವಿಷಯದಲ್ಲಿ ಹೆಸರಿಗಿಂತ ದಾಖಲೆ ದೊಡ್ಡದು. ಒಳ್ಳೆಯ ದಾಖಲೆಯಿದ್ದರೆ ಹೆಸರನ್ನು ಎಷ್ಟೋ ವರ್ಷಗಳ ಮೇಲೂ ಬಲ್ಲವರು ಹಚ್ಚಬಹುದು. ದಾಖಲೆಯಿಲ್ಲದ ಹೆಸರು ಬರೀ ಗಾಳಿಮಾತು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಜೇಡವನ್ನು ಗುರುತಿಸುವುದು ಹಕ್ಕಿಯನ್ನು ಗುರುತಿಸಿದಷ್ಟು ಸಲೀಸಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿಕೊಳ್ಳುವ ‘ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್’ನಲ್ಲಿ ಪ್ರಭೇದಗಳ ಸಂಖ್ಯೆ 2022ರ ಏಪ್ರಿಲ್‌ನಲ್ಲೇ 50,000 ಮುಟ್ಟಿತು. ಭಾರತದಲ್ಲಿ ದಾಖಲಾದವು ಎರಡು ಸಾವಿರದ ಸಮೀಪ ಇವೆ. ಇವುಗಳಲ್ಲಿ ಬಣ್ಣ, ಚಿತ್ತಾರ ನೋಡಿ ಖಚಿತವಾಗಿ ಹೇಳಬಹುದಾದವು ಕಡಿಮೆ. ಒಂದೇ ಪ್ರಭೇದದ ಹೆಣ್ಣು, ಗಂಡು, ಮರಿ ಮೂರು ಬೇರೆ ಜೇಡಗಳಂತೆ ಕಾಣಬಹುದು. ಹೂವಿನ ಮೇಲೆ ಹೊಂಚು ಹಾಕುವ ಏಡಿ ಜೇಡಗಳಲ್ಲಿ ಕೆಲವಂತೂ ಹೂವಿಗೆ ತಕ್ಕಂತೆ ಬಿಳಿಯಿಂದ ಹಳದಿಗೆ ತಿರುಗುತ್ತವೆ. ತಜ್ಞರು ಕೊನೆಗೆ ನೋಡುವುದು ಜನನಾಂಗವನ್ನು. ಹೆಣ್ಣಿನಲ್ಲಿ ಅದು ಹೊಟ್ಟೆಯ ಅಡಿಭಾಗದಲ್ಲಿ, ಕಾಲುಗಳ ಬುಡಕ್ಕೆ ಹತ್ತಿರ ಇರುವ ಸಣ್ಣ ಗಟ್ಟಿ ಫಲಕ. ಗಂಡಿನಲ್ಲಿ ಬಾಯಿಯ ಅಕ್ಕಪಕ್ಕದ ಎರಡು ಕಿರುಗೈಗಳ ತುದಿ. ಎರಡನ್ನೂ ಸೂಕ್ಷ್ಮದರ್ಶಕದಡಿಯೇ ನೋಡಬೇಕು. ಪ್ರಾಯಕ್ಕೆ ಬರದ ಮರಿಗಳಲ್ಲಿ ಇವು ಬೆಳೆದೇ ಇರುವುದಿಲ್ಲ, ಹಾಗಾಗಿ ಎಂಥ ತಜ್ಞರೂ ಕೈಚೆಲ್ಲುತ್ತಾರೆ.

ಆದ್ದರಿಂದ ಫೋಟೊ ನೋಡಿ ಕುಟುಂಬದವರೆಗೆ ಹೋದರೆ ಒಳ್ಳೆಯದು, ಕುಲದವರೆಗೆ ಹೋದರೆ ಬಹಳ ಒಳ್ಳೆಯದು. ಅಲ್ಲಿಗೆ ನಿಲ್ಲಿಸಲು ನಾಚಿಕೆ ಬೇಡ.

ಮೊದಲು ಕುಟುಂಬ

ಅದಕ್ಕೂ ಮೊದಲು, ನೋಡುತ್ತಿರುವುದು ಜೇಡವೇ ಎಂದು ಖಾತ್ರಿ ಮಾಡಿಕೊಳ್ಳಿ. ಮಲೆನಾಡಿನ ಬಂಡೆಸಂದಿಗಳಲ್ಲಿ, ಮೋರಿಯ ಅಡಿಯಲ್ಲಿ ಗುಂಪುಗುಂಪಾಗಿ ನೇತಾಡುವ ಕೂದಲಿನಂಥ ಕಾಲಿನ ಜೀವಿಗೆ ಎಂಟು ಕಾಲೇನೋ ಉಂಟು, ಆದರೆ ಮೈಯೆಲ್ಲ ಒಂದೇ ಗುಂಡು. ಅದು ಹಾರ್ವೆಸ್ಟ್‌ಮನ್, ಜೇಡವಲ್ಲ, ನೂಲೂ ತೆಗೆಯುವುದಿಲ್ಲ. ಜೇಡದ ಮೈ ಸ್ಪಷ್ಟವಾಗಿ ಎರಡು ಭಾಗ. ಮುಂದೆ ಕಾಲುಗಳು ಹುಟ್ಟುವ ತಲೆ-ಎದೆ, ಹಿಂದೆ ಹೊಟ್ಟೆ, ನಡುವೆ ಸಣ್ಣ ಸೊಂಟ.

ಆಮೇಲೆ ನೋಡಬೇಕಾದದ್ದು ಬಲೆ. ಬಲೆಯಿದ್ದರೆ ಅರ್ಧ ಕೆಲಸ ಮುಗಿದಂತೆ. ಬೇಲಿಯ ಸಾಲಿನಲ್ಲಿ ಗುಂಡಗಿನ ಬಲೆ, ನಡುವೆ ಬಿಳಿ ಅಂಕುಡೊಂಕು ಗೆರೆ, ಜೇಡ ತಲೆಕೆಳಗಾಗಿ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಕೂತಿದ್ದರೆ ಅದು ಸಹಿ ಜೇಡ, ಅಂದರೆ ಆರ್ಜಿಯೋಪ್ ಕುಲ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಆರ್ಜಿಯೋಪ್ ಅನಸೂಜಾ ಮತ್ತು ಆರ್ಜಿಯೋಪ್ ಪುಲ್ಚೆಲ್ಲಾ ಎರಡನ್ನೂ ಜನ ಒಂದಕ್ಕೊಂದು ಅದಲುಬದಲು ಮಾಡುವುದೇ ಹೆಚ್ಚು. ಗುಂಡು ಬಲೆಯ ನಡುವೆ ಕಸಕಡ್ಡಿ, ತಿಂದುಳಿದ ಹುಳುವಿನ ಚಿಪ್ಪುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಆ ಕಸದ ಮಧ್ಯೆ ತಾನೂ ಕಸವಾಗಿ ಕೂತದ್ದು ಸೈಕ್ಲೋಸಾ. ಕಾಫಿ ತೋಟದಲ್ಲಿ ದಾರಿಗೆ ಅಡ್ಡ ಬಲೆ ಕಟ್ಟಿ, ಹೊಟ್ಟೆಯ ಅಂಚಿನಲ್ಲಿ ಮುಳ್ಳು ಚಾಚಿ ಕೂತದ್ದು ಗ್ಯಾಸ್ಟರಕಾಂತಾ. ಬಲೆ ಅಡ್ಡಡ್ಡ ಮಲಗಿದ್ದು, ನಡುವೆ ಗುಡಾರದಂತೆ ಎದ್ದಿದ್ದರೆ ಸಿರ್ಟೊಫೋರಾ. ಬಳ್ಳಾರಿ, ಚಿತ್ರದುರ್ಗದ ಕಡೆ ಜಾಲಿಮರದಲ್ಲಿ, ಮುಳ್ಳುಬೇಲಿಯಲ್ಲಿ ಒಣಎಲೆ ಸೇರಿಸಿ ಹೆಣೆದ ಕೊಳಕು ಗೂಡು ಕಂಡರೆ ಬಿಚ್ಚಲು ಹೋಗಬೇಡಿ. ಅದು ಒಂದು ಜೇಡದ ಮನೆಯಲ್ಲ. ಸ್ಟೆಗೊಡೈಫಸ್ ಸಾರಾಸಿನೋರಮ್ ಎಂಬ ಈ ಸಂಘಜೀವಿ ಜೇಡಗಳು ನೂರಾರು ಸಂಖ್ಯೆಯಲ್ಲಿ ಒಂದೇ ಗೂಡಿನಲ್ಲಿದ್ದು ಒಟ್ಟಾಗಿ ಬೇಟೆಯಾಡುತ್ತವೆ.

ಮಂಜು ಬಿದ್ದ ಬೆಳಿಗ್ಗೆ ಹುಲ್ಲಿನ ಮೇಲೆ ಹಾಸಿದ ಬಿಳಿ ಹಾಳೆಗಳನ್ನು ಎಲ್ಲರೂ ನೋಡಿರುತ್ತಾರೆ. ಹಾಳೆಯ ಒಂದು ಮೂಲೆಯಲ್ಲಿ ಕೊಳವೆ, ಬಾಗಿಲಲ್ಲಿ ಜೇಡ. ಅದನ್ನು ಕಂಡು ಆಸ್ಟ್ರೇಲಿಯಾದ ಅಪಾಯಕಾರಿ ‘ಫನಲ್ ವೆಬ್’ ಇಲ್ಲಿಗೂ ಬಂತು ಎಂದು ಬರೆಯುವವರಿದ್ದಾರೆ. ನಮ್ಮ ಹುಲ್ಲುಗಾವಲಿನದ್ದು ಹೆಚ್ಚಾಗಿ ಹಿಪ್ಪಾಸಾ, ತೋಳ ಜೇಡಗಳ ಮನೆತನದ್ದು. ಆ ಮನೆತನದ ಬಹುಪಾಲು ಜೇಡಗಳು ಬಲೆ ಕಟ್ಟದೆ ನೆಲದಲ್ಲಿ ಓಡಿ ಬೇಟೆಯಾಡುತ್ತವೆ, ಹಿಪ್ಪಾಸಾ ಮಾತ್ರ ಬಲೆ ಹಾಸಿ ಕಾಯುತ್ತದೆ.

ಬಲೆಯಿಲ್ಲದ ಜೇಡವಾದರೆ ಕಣ್ಣು ನೋಡಿ. ಬಹುತೇಕ ಜೇಡಗಳಿಗೆ ಎಂಟು ಕಣ್ಣು. ಅವು ಹೇಗೆ ಜೋಡಣೆಯಾಗಿವೆ ಎಂಬುದೇ ಕುಟುಂಬದ ಗುರುತು. ಮುಂದುಗಡೆ ಎರಡು ದೊಡ್ಡ ಕಣ್ಣು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಜಿಗಿಯುವ ಜೇಡ. ಮನೆಯ ಗೋಡೆಯ ಮೇಲೆ ನೊಣದ ಬೆನ್ನು ಹತ್ತುವ ಮೆನೆಮೆರಸ್, ಪ್ಲೆಕ್ಸಿಪ್ಪಸ್ ಇದೇ ಕುಟುಂಬದವು. ಕೆಳಗೆ ನಾಲ್ಕು ಚಿಕ್ಕವು, ಮೇಲೆ ಎರಡು ದೊಡ್ಡವು, ಅದರ ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ಕಣ್ಣುಗಳು ಷಟ್ಕೋನವಾಗಿದ್ದು ಕಾಲ ಮೇಲೆ ಉದ್ದುದ್ದ ಮುಳ್ಳುಗಳಿದ್ದರೆ ಲಿಂಕ್ಸ್ ಜೇಡ. ಹೊಲ, ತೋಟಗಳಲ್ಲಿ ಗಿಡದಿಂದ ಗಿಡಕ್ಕೆ ಹಾರುತ್ತಿರುತ್ತದೆ. ಮುಂದಿನ ಎರಡು ಜೊತೆ ಕಾಲು ಹಿಂದಿನವಕ್ಕಿಂತ ಉದ್ದ, ಏಡಿಯಂತೆ ಪಕ್ಕಕ್ಕೆ ಸರಿಯುವ ನಡೆ ಇದ್ದರೆ ಏಡಿ ಜೇಡ. ರಾತ್ರಿ ಬಚ್ಚಲು ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಕೂತು ಮನೆಮಂದಿಯನ್ನು ಬೆಚ್ಚಿಬೀಳಿಸುವ ಹೆಟರೊಪೋಡಾ ವೆನಟೋರಿಯಾ ತಿನ್ನುವುದು ಜಿರಲೆಯನ್ನು. ಕಡ್ಡಿಪೊರಕೆ ತೆಗೆದುಕೊಳ್ಳುವ ಮುನ್ನ ಇದು ನೆನಪಿರಲಿ.

ಇನ್ನೊಂದು ಗುರುತು ಮೊಟ್ಟೆಚೀಲ. ತೋಳ ಜೇಡದ ತಾಯಿ ಅದನ್ನು ಹಿಂಬದಿಗೆ, ನೂಲು ಬರುವ ಜಾಗಕ್ಕೆ ಅಂಟಿಸಿಕೊಂಡು ಓಡಾಡುತ್ತದೆ, ಮರಿಯಾದ ಮೇಲೆ ಮರಿಗಳನ್ನು ಬೆನ್ನಮೇಲೆ ಹೊರುತ್ತದೆ. ಅದರಂತೆಯೇ ಕಾಣುವ ನರ್ಸರಿವೆಬ್ ಜೇಡ ಚೀಲವನ್ನು ಬಾಯಲ್ಲಿ ಕಚ್ಚಿ ಹಿಡಿದಿರುತ್ತದೆ. ಮನೆಮೂಲೆಯಲ್ಲಿ ಮುಟ್ಟಿದರೆ ಗಡಗಡ ಅಲುಗಾಡುವ ಉದ್ದಕಾಲಿನ ಜೇಡವೂ ಮೊಟ್ಟೆಗಳನ್ನು ಬಾಯಲ್ಲೇ ಹಿಡಿಯುತ್ತದೆ, ಆದರೆ ಅದರ ಕಾಲೇ ಗುರುತು ಹೇಳಿಬಿಡುತ್ತದೆ. ಹೆಟರೊಪೋಡಾ ಚಪ್ಪಟೆ ಬಿಲ್ಲೆಯಂಥ ಚೀಲವನ್ನು ಎದೆಯಡಿ ಅವುಚಿಕೊಳ್ಳುತ್ತದೆ. ಚೀಲ ಕಂಡರೆ ಅದು ಇರುವ ಜಾಗವೂ ಫೋಟೊದಲ್ಲಿ ಬರುವಂತೆ ತೆಗೆಯಿರಿ.

ಎರಡು ಜೇಡ, ಹತ್ತಿರದಿಂದ

ಪಶ್ಚಿಮಘಟ್ಟದ ಕಾಡಂಚಿನಲ್ಲಿ ದೊಡ್ಡ ಹೊಂಬಣ್ಣದ ಬಲೆ ಕಂಡರೆ ಅದು ನೆಫಿಲಾ ಪಿಲಿಪೆಸ್. ಬಲೆಯ ಅಗಲ ಒಂದು ಮೀಟರ್ ದಾಟುವುದೂ ಉಂಟು. ನಡುವೆ ಕೂತ ಹೆಣ್ಣಿನ ಮೈಯುದ್ದವೇ ಮೂರರಿಂದ ಐದು ಸೆಂಟಿಮೀಟರ್, ಕಾಲು ಸೇರಿಸಿದರೆ ಅಂಗೈ ತುಂಬುತ್ತದೆ. ಹೆಚ್ಚಿನವರು ಅದರ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಅಲ್ಲಿಯೇ ಐದು ನಿಮಿಷ ನಿಲ್ಲಿ. ಹೆಣ್ಣಿನ ಆಸುಪಾಸಿನಲ್ಲೇ ಕೆಲವೇ ಮಿಲಿಮೀಟರಿನ ಕೆಂಗಂದು ಜೇಡವೊಂದು ಇರಬಹುದು. ಅದು ಮರಿಯಲ್ಲ, ಗಂಡ. ಬಲೆಯ ಅಂಚಿನಲ್ಲಿ ಬೆಳ್ಳಿಯ ಹನಿಯಂತೆ ಹೊಳೆಯುವ, ಹೊಟ್ಟೆ ಮೇಲಕ್ಕೆ ಚೂಪಾಗಿ ಎದ್ದ ಪುಟ್ಟ ಜೇಡಗಳಿದ್ದರೆ ಅವು ಗಂಡೂ ಅಲ್ಲ, ಮರಿಯೂ ಅಲ್ಲ. ಬೇರೆಯದೇ ಕುಟುಂಬದ ಆರ್ಜಿರೋಡಿಸ್. ನೆಫಿಲಾ ಹಿಡಿದದ್ದನ್ನು ಕದ್ದು ತಿಂದು ಬದುಕುವ ಕಳ್ಳಬಾಡಿಗೆದಾರರು. ಒಂದೇ ಬಲೆಯಲ್ಲಿ ಎರಡು ಪ್ರಭೇದ, ಎರಡು ಲಿಂಗ. ನೋಟ್‌ಬುಕ್ಕಿನಲ್ಲಿ ಇವೆಲ್ಲವನ್ನೂ ಒಂದೊಂದು ಸಾಲಾಗಿ, ಬೇರೆಬೇರೆ ದಾಖಲೆಯಾಗಿ ಬರೆಯಬೇಕು.

ಇನ್ನೊಂದು ಮಾವಿನ ಮರದಲ್ಲೋ ಗೇರು ಮರದಲ್ಲೋ ಸಿಗುತ್ತದೆ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯ ಸಾಲನ್ನು ಸುಮ್ಮನೆ ನೋಡುತ್ತಿರಿ. ಸಾಲಿನಿಂದ ತುಸು ದೂರ, ಒಂಟಿಯಾಗಿ ಅಲೆಯುವ ಒಂದು ‘ಇರುವೆ’ ಮುಂದಿನ ಎರಡು ಕಾಲನ್ನು ಮೀಸೆಯಂತೆ ಮೇಲೆತ್ತಿ ಆಡಿಸುತ್ತಿರುತ್ತದೆ. ಕಾಲು ಎಣಿಸಿ, ಎಂಟು. ಬೆರಳು ಹತ್ತಿರ ತಂದರೆ ಎಲೆಯಿಂದ ನೂಲು ಬಿಟ್ಟು ಕೆಳಗಿಳಿಯುತ್ತದೆ. ಇರುವೆ ಹಾಗೆ ಮಾಡಲಾರದು. ಇದು ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್, ಜಿಗಿಯುವ ಜೇಡಗಳ ಕುಟುಂಬದ್ದು. ಗಂಡಿನ ದವಡೆಗಳು ಮುಂದಕ್ಕೆ ಉದ್ದಕ್ಕೆ ಚಾಚಿಕೊಂಡಿದ್ದು, ಒಂದಿರುವೆ ಇನ್ನೊಂದನ್ನು ಹೊತ್ತು ಹೋಗುತ್ತಿರುವಂತೆ ಕಾಣುತ್ತದೆ. ಇದೇ ಚಗಳಿಯ ವೇಷ ತೊಟ್ಟ ಏಡಿ ಜೇಡವೊಂದಿದೆ, ಅಮೈಸಿಯಾ ಫಾರ್ಟಿಸೆಪ್ಸ್. ಅದರ ಹೊಟ್ಟೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕೆ, ಇರುವೆಯ ಕಣ್ಣಿನಂತೆ. ಅಂದರೆ ಇರುವೆಯ ತಲೆ ಇರುವುದು ಜೇಡದ ಹಿಂಬದಿಯಲ್ಲಿ. ಅದು ಚಗಳಿಯನ್ನೇ ಹಿಡಿದು ತಿನ್ನುತ್ತದೆ. ಮೇಲಿನಿಂದ ತೆಗೆದ ಒಂದೇ ಫೋಟೊ ನಂಬಿದರೆ ಇಲ್ಲಿ ಮೂರು ಜೀವಿಗಳೂ ಒಂದೇ ಆಗಿಬಿಡುತ್ತವೆ.

ಫೋಟೊ ತೆಗೆಯುವ ಕ್ರಮ

ದುಬಾರಿ ಕ್ಯಾಮೆರಾ ಬೇಕಿಲ್ಲ. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೊ ಲೆನ್ಸ್ ಸಾಕು. ಮೊದಲ ಫೋಟೊ ದೂರದಿಂದಲೇ ಇರಲಿ, ಜೇಡ ಕೂತ ಗಿಡ, ಬಲೆ, ಸುತ್ತಲಿನ ಜಾಗ ಕಾಣುವಂತೆ. ಜೇಡ ಓಡಿಹೋದರೂ ಅಷ್ಟಾದರೂ ಉಳಿಯುತ್ತದೆ. ಆಮೇಲೆ ಮೇಲಿನಿಂದ ಬೆನ್ನು, ಎದುರಿನಿಂದ ಕಣ್ಣು, ಪಕ್ಕದಿಂದ ಒಂದು, ಕೊನೆಗೆ ಕೆಳಗಿನಿಂದ ಹೊಟ್ಟೆ. ಈ ಕೊನೆಯದನ್ನೇ ಎಲ್ಲರೂ ಬಿಡುವುದು, ತಜ್ಞರು ಕೇಳುವುದೂ ಅದನ್ನೇ. ಬಲೆಯ ಜೇಡವಾದರೆ ಬಲೆಯ ಇನ್ನೊಂದು ಬದಿಗೆ ಸುತ್ತಿ ಹೋದರೆ ಹೊಟ್ಟೆಯ ಅಡಿ ತಾನಾಗಿ ಸಿಗುತ್ತದೆ, ಮುಟ್ಟುವ ಅಗತ್ಯವೇ ಇಲ್ಲ. ಓಡುವ ಜೇಡವನ್ನು ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಕೆಳಗಿನಿಂದ ತೆಗೆಯಬಹುದು. ಗಂಡೋ ಹೆಣ್ಣೋ ಎಂಬುದಕ್ಕೆ ಬಾಯಿಯ ಪಕ್ಕದ ಕಿರುಗೈಗಳನ್ನು ನೋಡಿ. ತುದಿ ಉಬ್ಬಿದ್ದರೆ ಗಂಡು, ಸಪೂರವಿದ್ದರೆ ಹೆಣ್ಣು ಅಥವಾ ಮರಿ.

ಬಲೆ ಫೋಟೊದಲ್ಲಿ ಬೀಳುವುದೇ ಇಲ್ಲ ಎಂಬುದು ಸಾಮಾನ್ಯ ದೂರು. ಹಿಂದೆ ಕಪ್ಪು ಬಟ್ಟೆ ಹಿಡಿದರೆ ಬೀಳುತ್ತದೆ. ಇಲ್ಲವೇ ಮಂಜಿನ ಹನಿ ಆರುವ ಮೊದಲು ಹೋಗಬೇಕು. ಬಲೆಯ ಮೇಲೆ ಹಿಟ್ಟು ಉದುರಿಸುವ ಹಳೆಯ ಉಪಾಯ ಬೇಡ, ಬಲೆ ಕೆಡುತ್ತದೆ. ಅಳತೆಗೆ ಜೇಡದ ಪಕ್ಕ ನಾಣ್ಯ ತುರುಕುವ ಬದಲು, ಅದು ಕೂತ ಎಲೆಯನ್ನೋ ಕಡ್ಡಿಯನ್ನೋ ಆಮೇಲೆ ಅಳೆದರಾಯಿತು. ಮೈಯುದ್ದ ಅಂದರೆ ಬಾಯಿಯಿಂದ ಹೊಟ್ಟೆಯ ತುದಿಯವರೆಗೆ, ಕಾಲು ಸೇರುವುದಿಲ್ಲ. ‘ಅಂಗೈಯಷ್ಟು ದೊಡ್ಡ ಜೇಡ’ ಎಂಬ ವರ್ಣನೆಗಳಲ್ಲಿ ಎಷ್ಟೋ ಈ ಲೆಕ್ಕದಲ್ಲಿ ಎರಡು ಸೆಂಟಿಮೀಟರಿಗೆ ಇಳಿಯುತ್ತವೆ.

ಹಗಲಿಗಿಂತ ರಾತ್ರಿ ಹೆಚ್ಚು ಸಿಗುತ್ತದೆ. ತಲೆಗೆ ಕಟ್ಟುವ ಟಾರ್ಚನ್ನು ಹಣೆಯ ಮೇಲೆ, ಕಣ್ಣಿನ ಮಟ್ಟಕ್ಕೆ ಹತ್ತಿರವಿಟ್ಟು ಗದ್ದೆಯ ಬದುವಿನ ಮೇಲೆ ಬೆಳಕು ಹಾಯಿಸಿ. ಹುಲ್ಲಿನಲ್ಲಿ ಹಸಿರು ಚುಕ್ಕೆಗಳು ಮಿನುಗಿದರೆ ಅವು ಇಬ್ಬನಿಯಲ್ಲ, ತೋಳ ಜೇಡದ ಕಣ್ಣು. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಆ ಹೊಳಪು ಕಾಣದು, ಬೆಳಕು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಪೊದೆಯೊಳಗಿನ ಜೇಡಗಳಿಗೆ ಮಳೆಗಾಲದ ಕೊಡೆಯೇ ಉಪಕರಣ. ಕೊಡೆಯನ್ನು ಮಗುಚಿ ಕೊಂಬೆಯಡಿ ಹಿಡಿದು, ಒಳಗೊಂದು ಬಿಳಿ ಪಂಚೆ ಹಾಸಿ, ಕೊಂಬೆಯನ್ನು ಕೋಲಿನಿಂದ ಎರಡು ಸಲ ತಟ್ಟಿ. ಬಿದ್ದದ್ದರಲ್ಲಿ ಅರ್ಧ ಒಣಎಲೆ, ಉಳಿದರ್ಧ ನೋಡಬೇಕಾದದ್ದು.

ಒಣಎಲೆ ಎಂದು ಬಿಟ್ಟದ್ದೂ ಜೇಡವಾಗಿರಬಹುದು. ಶಿವಮೊಗ್ಗ ಜಿಲ್ಲೆಯ ಕುಂದಾದ್ರಿಯ ಕಾನಿನಲ್ಲಿ ಜಾವೇದ್ ಅಹಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಜೆ.ಎನ್. ಕಂಡ ಏಳು ಮಿಲಿಮೀಟರಿನ ಹೆಣ್ಣು ಜೇಡ ಮುದುರಿದ ಒಣಎಲೆಯಂತೆಯೇ ಇತ್ತು. 2016ರಲ್ಲಿ ಅದಕ್ಕೆ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು, ಹ್ಯಾರಿ ಪಾಟರ್ ಕತೆಯ ಮಾಟದ ಟೋಪಿಯ ನೆನಪಿಗೆ. 2024ರಲ್ಲಿ ಕರ್ನಾಟಕದ ಒಣಭೂಮಿಯ ಜಿಗಿಯುವ ಜೇಡವೊಂದನ್ನು ಹೊಸದೆಂದು ವಿವರಿಸಿ, ಹೊಸ ಕುಲಕ್ಕೆ ‘ತೆಂಕಣ’ ಎಂಬ ಕನ್ನಡ ಹೆಸರನ್ನೇ ಕೊಟ್ಟರು. ಪ್ರಭೇದದ ಹೆಸರು ಜಯಮಂಗಲಿ.

ಬರೆದಿಡುವುದು

ನೋಟ್‌ಬುಕ್ಕಿನ ನಮೂನೆ ಹೀಗಿದ್ದರೆ ಸಾಕು: ‘14 ಅಕ್ಟೋಬರ್, ಬೆಳಿಗ್ಗೆ 7.10. ತೀರ್ಥಹಳ್ಳಿ ತಾಲ್ಲೂಕು, ಊರಿನ ಹೆಸರು, ಮೊಬೈಲ್ ತೋರಿಸಿದ ಅಕ್ಷಾಂಶ–ರೇಖಾಂಶ. ಅಡಿಕೆ ತೋಟದ ಬೇಲಿ, ದಾಸವಾಳದ ಗಿಡ. ನೆಲದಿಂದ ಸೊಂಟದೆತ್ತರ. ಗುಂಡು ಬಲೆ, ನೆಟ್ಟಗೆ, ನಡುವೆ ಬಿಳಿ ಅಂಕುಡೊಂಕು. ಒಂದು ಹೆಣ್ಣು, ಮೈ ಸುಮಾರು 10 ಮಿ.ಮೀ. ಜೇನುನೊಣ ಸುತ್ತುತ್ತಿತ್ತು. ಫೋಟೊ 6. ಆರ್ಜಿಯೋಪ್, ಪ್ರಭೇದ ಖಚಿತವಿಲ್ಲ.’ ಕೊನೆಯ ಎರಡು ಪದ ಬರೆಯುವ ಧೈರ್ಯ ಇರಬೇಕು. ಊರಿನ ಹೆಸರಷ್ಟೇ ಬರೆದರೆ ಸಾಲದು, ಒಂದೇ ಹೆಸರಿನ ಊರು ನಾಲ್ಕು ತಾಲ್ಲೂಕಿನಲ್ಲಿರುತ್ತದೆ. ಬೇಟೆ ಏನಾಗಿತ್ತು ಎಂಬುದನ್ನು ಬರೆಯುವವರು ಕಡಿಮೆ. ತೋಟಗಾರರಿಗೆ ನಿಜಕ್ಕೂ ಬೇಕಾದ ಮಾಹಿತಿ ಅದೇ.

ಹಂಚಿಕೊಳ್ಳಲು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎರಡೂ ಉಚಿತ. ಐನ್ಯಾಚುರಲಿಸ್ಟ್ ಫೋಟೊ ನೋಡಿ ತಾನೇ ಹೆಸರು ಸೂಚಿಸುತ್ತದೆ. ಆ ಸೂಚನೆಯನ್ನು ಕಣ್ಣುಮುಚ್ಚಿ ಒತ್ತುವುದೇ ತಪ್ಪು ದಾಖಲೆಗಳ ದೊಡ್ಡ ಮೂಲ. ಅದು ಅಮೆರಿಕದ ಜೇಡವನ್ನು ಹಾಸನದಲ್ಲಿ ಕಾಣಿಸಬಲ್ಲದು. ಸೂಚಿಸಿದ ಪ್ರಭೇದ ಭಾರತದಲ್ಲಿದೆಯೇ ಎಂದು ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್‌ನಲ್ಲಿ ನೋಡಿ. ಅನುಮಾನವಿದ್ದರೆ ಕುಲದ ಹೆಸರಿಗೋ ಕುಟುಂಬದ ಹೆಸರಿಗೋ ಇಳಿಸಿ. ಪುಸ್ತಕ ಬೇಕೆನ್ನುವವರಿಗೆ ಬಿ.ಕೆ. ಟಿಕಾದರ್ ಬರೆದು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 1987ರಲ್ಲಿ ಪ್ರಕಟಿಸಿದ ‘ಹ್ಯಾಂಡ್‌ಬುಕ್ ಆಫ್ ಇಂಡಿಯನ್ ಸ್ಪೈಡರ್ಸ್’ ಇಂದಿಗೂ ಉಪಯುಕ್ತ. ಹೆಸರುಗಳು ಮಾತ್ರ ಎಷ್ಟೋ ಬದಲಾಗಿವೆ.

ಒಂದು ಗುಂಪಿನ ಜಾಗವನ್ನು ಮಾತ್ರ ಬಹಿರಂಗ ಮಾಡಬೇಡಿ. ಘಟ್ಟದ ಮರದ ಪೊಟರೆಗಳಲ್ಲಿರುವ ಪೀಸಿಲೋಥೇರಿಯಾ ಕುಲದ ದೊಡ್ಡ ಟರಾಂಟುಲಾಗಳನ್ನು ಸಾಕುವ ಶೋಕಿಗಾಗಿ ಕದ್ದು ವಿದೇಶಕ್ಕೆ ಸಾಗಿಸುವವರಿದ್ದಾರೆ. 2019ರಲ್ಲಿ ಈ ಕುಲವನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದ್ದು ಈ ವ್ಯಾಪಾರದ ಕಾರಣಕ್ಕೇ. ಐನ್ಯಾಚುರಲಿಸ್ಟ್‌ನಲ್ಲಿ ನಿಖರ ಜಾಗ ಮರೆಮಾಡುವ ಆಯ್ಕೆಯಿದೆ, ಬಳಸಿ. ಮೊಬೈಲ್ ಫೋಟೊವನ್ನು ಬೇರೆ ಕಡೆ ಹಾಕುವಾಗ ಅದರಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನೂ ತೆಗೆಯಿರಿ.

ವಿಷದ ಮಾತು. ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ, ಮನುಷ್ಯರಿಗೆ ತೊಂದರೆ ಕೊಡುವವು ತೀರ ಕಡಿಮೆ. ಬರಿಗೈಯಲ್ಲಿ ಹಿಡಿಯದಿದ್ದರೆ ಆ ಕಡಿಮೆಯೂ ಲೆಕ್ಕಕ್ಕೆ ಬರುವುದಿಲ್ಲ. ಪೀಸಿಲೋಥೇರಿಯಾ ಕಚ್ಚಿದರೆ ಸ್ನಾಯು ಹಿಡಿದುಕೊಂಡು ಚೆನ್ನಾಗಿಯೇ ನೋಯುತ್ತದೆ, ಅದರ ಪೊಟರೆಗೆ ಬೆರಳು ಹಾಕಬೇಡಿ. ಮೈಮೇಲೆ ಜೇಡ ಹರಿದು ಗುಳ್ಳೆಯೆದ್ದಿತು ಎಂಬ ದೂರಿನಲ್ಲಿ ಎಷ್ಟೋ ಸಲ ನಿಜವಾದ ಅಪರಾಧಿ ದೀಪಕ್ಕೆ ಬರುವ ಪೀಡರಸ್ ಎಂಬ ಕೆಂಪು–ಕಪ್ಪು ಕಿರುದುಂಬಿ. ಅದನ್ನು ಚರ್ಮದ ಮೇಲೆ ಉಜ್ಜಿದರೆ ಗುಳ್ಳೆ ಏಳುತ್ತದೆ. ಜೇಡ ಹುಡುಕುವಾಗ ಹೆದರಬೇಕಾದದ್ದು ಕಲ್ಲಿನಡಿಯ ಹಾವು, ಚೇಳಿಗೆ. ಕಲ್ಲನ್ನು ಕೋಲಿನಿಂದ ಎತ್ತಿ, ತೆರೆಯುವ ಬದಿ ನಿಮ್ಮಿಂದ ಆಚೆಗಿರಲಿ, ನೋಡಿಯಾದ ಮೇಲೆ ಇದ್ದಲ್ಲೇ ಇಡಿ. ಡಬ್ಬಿಗೆ ಹಾಕಿದ ಜೇಡವನ್ನು ಫೋಟೊ ಮುಗಿದ ಕೂಡಲೇ ಹಿಡಿದ ಗಿಡಕ್ಕೇ ಬಿಡಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ, ರಾತ್ರಿ ಅಲೆಯುವಂತೆಯೂ ಇಲ್ಲ. ಸ್ವಂತ ಹಿತ್ತಲಿಗೆ, ತೋಟಕ್ಕೆ, ಗದ್ದೆಯ ಬದುವಿಗೆ ಯಾರ ಅಪ್ಪಣೆಯೂ ಬೇಡ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಬಲೆಯ ಜೇಡಗಳು ಪ್ರಾಯಕ್ಕೆ ಬಂದು ಕಣ್ಣಿಗೆ ಚೆನ್ನಾಗಿ ಬೀಳುತ್ತವೆ. ಒಂದು ಬೇಲಿಯನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದನ್ನೇ ನೋಡಿ, ಏನೂ ಕಾಣದ ವಾರವನ್ನೂ ತಾರೀಖು ಹಾಕಿ ಬರೆಯಿರಿ.